ಜಿ. ಎನ್. ರಾಮಚಂದ್ರನ್

ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ (ಅಕ್ಟೋಬರ್ ೮, ೧೯೨೨ – ಏಪ್ರಿಲ್ ೭, ೨೦೦೧) ಭಾರತದ ಪ್ರಸಿದ್ಧ ಜೈವಿಕ ಭೌತವಿಜ್ಞಾನಿ. ಸಂಯೋಜಕ ಅಂಗಾಂಶದ ಮುಖ್ಯ ಪ್ರೋಟೀನಾದ ಕೊಲಾಜೆನ್‌ನ ಮೂರೆಳೆಯ ಸುರುಳಿ ರಚನೆಯನ್ನು ನಿರೂಪಿಸಿದವರು. ಪ್ರೋಟೀನ್‌ಗಳ ರಚನೆಯನ್ನು ಪರಿಶೀಲಿಸಲು ಇಂದಿಗೂ ಬಳಕೆಯಲ್ಲಿರುವ ರಾಮಚಂದ್ರನ್ ನಕ್ಷೆಗೆ ಇವರ ಹೆಸರೇ ಇದೆ.

ಜನನ ಮತ್ತು ಶಿಕ್ಷಣ

ರಾಮಚಂದ್ರನ್ ಅವರು ಕೇರಳದ ಎರ್ನಾಕುಲಂನಲ್ಲಿ ಜನಿಸಿದರು. ತಂದೆ ಗಣಿತದ ಪ್ರಾಧ್ಯಾಪಕರಾಗಿದ್ದರು. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತವಿಜ್ಞಾನದ ಪದವಿ ಪಡೆದು, ೧೯೪೨ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ವಿಭಾಗವನ್ನು ಸೇರಿದರು. ಇವರ ಪ್ರತಿಭೆಯನ್ನು ಗುರುತಿಸಿದ ಸಿ. ವಿ. ರಾಮನ್ ಅವರು ಇವರನ್ನು ಭೌತವಿಜ್ಞಾನ ವಿಭಾಗಕ್ಕೆ ಸೇರಿಸಿಕೊಂಡರು. ಮುಂದೆ ಕೇಂಬ್ರಿಡ್ಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆಸಿ ೧೯೪೯ರಲ್ಲಿ ಪಿಎಚ್.ಡಿ. ಪಡೆದು ಬೆಂಗಳೂರಿಗೆ ಮರಳಿದರು.

ಕೊಲಾಜೆನ್ ಸಂಶೋಧನೆ

೧೯೫೨ರಲ್ಲಿ ಮದರಾಸು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಆಗ ಮದರಾಸಿಗೆ ಭೇಟಿ ನೀಡಿದ್ದ ಬ್ರಿಟಿಷ್ ವಿಜ್ಞಾನಿ ಜೆ. ಡಿ. ಬರ್ನಾಲ್, ಕೊಲಾಜೆನ್‌ನ ರಚನೆ ಇನ್ನೂ ಬಗೆಹರಿದಿಲ್ಲವೆಂಬುದನ್ನು ಇವರ ಗಮನಕ್ಕೆ ತಂದರು. ಚರ್ಮ, ಮೂಳೆ, ಮೃದ್ವಸ್ಥಿ ಹಾಗೂ ಸ್ನಾಯುರಜ್ಜುಗಳಿಗೆ ಬಲ ನೀಡುವ ಪ್ರೋಟೀನ್ ಇದು. ಅದೇ ನಗರದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ನೆರವಿನಿಂದ ಕಾಂಗರೂ ಬಾಲದ ಸ್ನಾಯುರಜ್ಜು ದೊರೆಯಿತು. ಅದರ ಕ್ಷ-ಕಿರಣ ಚಿತ್ರಗಳ ಆಧಾರದ ಮೇಲೆ ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಅವರು ೧೯೫೪ರಲ್ಲಿ ಮೂರು ಎಳೆಗಳ ಮಾದರಿಯನ್ನು 'ನೇಚರ್' ಪತ್ರಿಕೆಯಲ್ಲಿ ಮಂಡಿಸಿದರು. ೧೯೫೫ರಲ್ಲಿ ಅದನ್ನು ಪರಿಷ್ಕರಿಸಿ, ಮೂರೂ ಎಳೆಗಳು ಹಗ್ಗದಂತೆ ಒಂದಕ್ಕೊಂದು ಹೊಸೆದುಕೊಂಡಿವೆ ಎಂದು ತೋರಿಸಿದರು. ಸುರುಳಿಯ ಒಳಭಾಗದಲ್ಲಿ ಸ್ಥಳ ಬಹಳ ಕಡಿಮೆ. ಆದ್ದರಿಂದ ಪ್ರತಿ ಮೂರನೆಯ ಸ್ಥಾನದಲ್ಲಿ ಅತಿ ಚಿಕ್ಕ ಅಮೈನೋ ಆಮ್ಲವಾದ ಗ್ಲೈಸೀನ್ ಇರಲೇಬೇಕೆಂಬುದು ಈ ಮಾದರಿಯ ತಿರುಳು.

ವಿವಾದ ಮತ್ತು ರಾಮಚಂದ್ರನ್ ನಕ್ಷೆ

ಅದೇ ವರ್ಷ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಅವರು ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಮಿತಿಮೀರಿ ಹತ್ತಿರವಾಗಿವೆ ಎಂದು ಆಕ್ಷೇಪಿಸಿದರು. ಪ್ರತಿ ಮೂರು ಅಮೈನೋ ಆಮ್ಲಗಳಿಗೆ ಎರಡಲ್ಲ, ಒಂದೇ ಹೈಡ್ರೋಜನ್ ಬಂಧವಿರುವ ಮಾದರಿಯನ್ನು ಅವರು ಸೂಚಿಸಿದರು. ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರ ಬರಬಲ್ಲವು ಎಂಬ ಪ್ರಶ್ನೆಯನ್ನು ರಾಮಚಂದ್ರನ್ ಕೈಗೆತ್ತಿಕೊಂಡು, ಆವರೆಗೆ ಪ್ರಕಟವಾಗಿದ್ದ ಸ್ಫಟಿಕ ರಚನೆಗಳಿಂದ ಆ ದೂರಗಳನ್ನು ಕಲೆಹಾಕಿದರು. ವಿ. ಶಶಿಶೇಖರನ್ ಮತ್ತು ಸಿ. ರಾಮಕೃಷ್ಣನ್ ಅವರೊಡನೆ ೧೯೬೩ರಲ್ಲಿ ಪ್ರಕಟಿಸಿದ ನಕ್ಷೆ ಈ ಶ್ರಮದ ಫಲ. ಪ್ರೋಟೀನ್ ಸರಪಳಿಯ ಫೈ ಮತ್ತು ಸೈ ಎಂಬ ಎರಡು ತಿರುವು ಕೋನಗಳಲ್ಲಿ ಯಾವ ಜೋಡಿಗಳು ಸಾಧ್ಯ, ಯಾವುವು ಅಸಾಧ್ಯ ಎಂಬುದನ್ನು ಅದು ತಿಳಿಸುತ್ತದೆ. ಬಂಧಗಳ ಸಂಖ್ಯೆಯ ವಿಷಯದಲ್ಲಿ ಮಾತ್ರ ಕ್ರಿಕ್ ಮತ್ತು ರಿಚ್ ಅವರ ಅಭಿಪ್ರಾಯವೇ ನಿಂತಿತು. ೧೯೯೪ರಲ್ಲಿ ಪ್ರಕಟವಾದ ಕೊಲಾಜೆನ್ ಮಾದರಿಯ ಪೆಪ್ಟೈಡ್‌ನ ಸ್ಫಟಿಕ ರಚನೆಯು ಒಂದೇ ನೇರ ಬಂಧವನ್ನು ತೋರಿಸಿತು. ನೀರಿನ ಅಣುಗಳು ಎಳೆಗಳನ್ನು ಬೆಸೆಯುವುದೂ ಅದರಲ್ಲಿ ಕಂಡುಬಂದಿತು.

ಬೆಂಗಳೂರಿನ ವರ್ಷಗಳು

ರಾಮಚಂದ್ರನ್ ಅವರು ೧೯೭೧ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತವಿಜ್ಞಾನ ಘಟಕವನ್ನು ಸ್ಥಾಪಿಸಿದರು. ಅದೇ ವರ್ಷ ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ, ಕ್ಷ-ಕಿರಣ ನೆರಳುಗಳಿಂದ ವಸ್ತುವಿನ ಒಳಚಿತ್ರವನ್ನು ಮರುರಚಿಸುವ ಗಣಿತ ವಿಧಾನವನ್ನು ಪ್ರಕಟಿಸಿದರು. ಸಿ.ಟಿ. ಸ್ಕ್ಯಾನ್ ತಂತ್ರಜ್ಞಾನಕ್ಕೆ ಅದು ಮಹತ್ವದ ಕೊಡುಗೆಯಾಯಿತು.

ಪ್ರಶಸ್ತಿಗಳು ಮತ್ತು ನಿಧನ

ಇವರಿಗೆ ೧೯೬೧ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ, ೧೯೭೭ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ಹಾಗೂ ೧೯೯೯ರಲ್ಲಿ ಎವಾಲ್ಡ್ ಪ್ರಶಸ್ತಿ ಲಭಿಸಿದವು. ನೊಬೆಲ್ ಪ್ರಶಸ್ತಿ ದೊರೆಯಲಿಲ್ಲ. ಪತ್ನಿ ರಾಜಲಕ್ಷ್ಮಿಯವರು ೧೯೯೮ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯಿಂದ ಬಳಲಿದ ರಾಮಚಂದ್ರನ್, ಚೆನ್ನೈನಲ್ಲಿ ನಿಧನರಾದರು.

ವೈದ್ಯಕೀಯ ಮಹತ್ವ

ಮೂರೆಳೆಯ ಸುರುಳಿಯ ತಿಳಿವಳಿಕೆ ಹಲವು ಆನುವಂಶಿಕ ರೋಗಗಳ ಕಾರಣವನ್ನು ಸ್ಪಷ್ಟಪಡಿಸಿದೆ. ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಪೊರೆಯ ಆಧಾರ ನಾಲ್ಕನೆಯ ಬಗೆಯ ಕೊಲಾಜೆನ್. ಅದರಲ್ಲಿ ಗ್ಲೈಸೀನ್ ಇರಬೇಕಾದೆಡೆ ದೊಡ್ಡ ಅಮೈನೋ ಆಮ್ಲ ಬಂದರೆ ಸುರುಳಿ ಸರಿಯಾಗಿ ಹೊಸೆಯುವುದಿಲ್ಲ. ಮೂತ್ರಪಿಂಡ ವೈಫಲ್ಯಕ್ಕೂ ಕಿವುಡುತನಕ್ಕೂ ಎಡೆಮಾಡಿಕೊಡುವ ಆಲ್ಪೋರ್ಟ್ ಸಿಂಡ್ರೋಮ್‌ಗೆ ಇಂತಹ ಬದಲಾವಣೆ ಒಂದು ಮುಖ್ಯ ಕಾರಣ. ಮೊದಲನೆಯ ಬಗೆಯ ಕೊಲಾಜೆನ್‌ನಲ್ಲಿ ಇದೇ ದೋಷ ಉಂಟಾದಾಗ ಮೂಳೆಗಳು ಸುಲಭವಾಗಿ ಮುರಿಯುತ್ತವೆ.