ನಿಘಂಟು ಬರೆದ ಸೇವಕನೂ ನಮ್ಮ ನಾಲಿಗೆಯೂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಿಂದ ಬಂದ ಯೌವನಸ್ಥರೇ, ಬೆಂಗಳೂರಿನ ಪಿಜಿಯಲ್ಲಿ ಕೂತು ಕೇಳ್ತಿರುವವರೇ, ಇವತ್ತು ಒಬ್ಬ ದೇವಸೇವಕರ ಜೀವನ ನೋಡೋಣ. ಫರ್ಡಿನೆಂಡ್ ಕಿಟೆಲ್. ಬೆಂಗಳೂರಲ್ಲಿ ಅವರ ಪ್ರತಿಮೆ ನೋಡಿರ್ತೀರಿ.

ಅವರು ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಒಬ್ಬ ಪಾಸ್ಟರ ಮನೆಯಲ್ಲಿ. 1853ರಲ್ಲಿ ಬಾಸೆಲ್ ಮಿಷನ್ ಅವರನ್ನು ನಮ್ಮ ನಾಡಿಗೆ ಕಳಿಸಿತು. ಆಗ ವಯಸ್ಸು ಇಪ್ಪತ್ತೊಂದು. ನಿಮ್ಮದೇ ಪ್ರಾಯ. ಕನ್ನಡಿಗರಿಗೆ ಕನ್ನಡಿಗನಾಗಬೇಕು ಅನ್ನೋದು ಅವರ ಆಸೆ. ಭಾಷೆ, ಪದ್ಧತಿ, ಸಂಗೀತ ಎಲ್ಲ ಕಲಿತರು. 1862ರಲ್ಲಿ ಯೇಸುಸ್ವಾಮಿಯ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲೇ ಬರೆದು 'ಕಥಾಮಾಲೆ' ಎಂದು ಮಂಗಳೂರಲ್ಲಿ ಅಚ್ಚು ಹಾಕಿಸಿದರು.

ಆದರೆ ಇದೇ ಆಸೆಯಿಂದ ಅವರು ಸ್ವಂತ ಸಹೋದರರ ನಡುವೆ ಹೊರಗಿನವರ ಹಾಗಾದರು. ಆ ಮಿಷನ್ನಿನಲ್ಲಿ ಒಂದು ಪದ್ಧತಿ ಇತ್ತು. ಮಿಷನರಿಗಳು ಒಬ್ಬರ ಮೇಲೊಬ್ಬರು ಕಣ್ಣಿಟ್ಟು, ತಪ್ಪು ಕಂಡರೆ ಬಾಸೆಲಿನ ಕಮಿಟಿಗೆ ಪತ್ರ ಬರೀಬೇಕು. ಉದ್ದೇಶ ತಿದ್ದುವುದೇ. ಆದರೆ ಫಲ ಏನು? ಪಕ್ಕದಲ್ಲಿ ಮೊಣಕಾಲೂರುವ ಅಣ್ಣನನ್ನೇ ನಂಬೋಕಾಗದ ಸ್ಥಿತಿ. ಅನ್ಯೋನ್ಯತೆ ಒಡೆಯಿತು.

ಪ್ರಿಯರೇ, ಅರಣ್ಯಕಾಂಡ 12 ನೆನಪು ಮಾಡಿಕೊಳ್ಳಿ. ಮೋಶೆ ಕೂಷ್ ದೇಶದ ಸ್ತ್ರೀಯನ್ನು ಮದುವೆಯಾದ ಅಂತ ಮಿರ್ಯಾಮಳೂ ಆರೋನನೂ ಮಾತಾಡಿಕೊಂಡರು. ಮೋಶೆ ಹತ್ತಿರ ಹೋಗಿ ಹೇಳಲಿಲ್ಲ, ತಮ್ಮತಮ್ಮಲ್ಲೇ. ಆದರೆ ಕರ್ತನು ಕೇಳಿಸಿಕೊಂಡನು. ಮಿರ್ಯಾಮಳಿಗೆ ಕುಷ್ಠ ಬಂತು, ಏಳು ದಿನ ಪಾಳೆಯದ ಹೊರಗಿದ್ದಳು. ಆ ಏಳು ದಿನ ಇಡೀ ಜನ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಮಾತಾಡಿದವರು ಇಬ್ಬರು, ನಿಂತುಹೋದದ್ದು ಇಡೀ ಪಾಳೆಯ. ನಮ್ಮ ಸಭೆ ಯಾಕೆ ಬೆಳೀತಿಲ್ಲ ಅಂತ ಉಪವಾಸ ಮಾಡ್ತೇವೆ, ಸರಿ. ಆರಾಧನೆ ಮುಗಿದ ಮೇಲೆ ಬೈಕ್ ಹತ್ತಿರ ನಿಂತು ಏನು ಮಾತಾಡ್ತೇವೆ ಅಂತಲೂ ನೋಡಬೇಕಲ್ವಾ?

ಕಿಟೆಲ್ ವಿಷಯಕ್ಕೆ ಬರೋಣ. 1872ರಲ್ಲಿ ಕನ್ನಡ ನಿಘಂಟಿನ ಕೆಲಸ ಅದೇ ಮಿಷನ್ ಅವರ ಕೈಗೆ ಕೊಟ್ಟಿತು. ಅದೇ ವರ್ಷ ಜೈನ ಕವಿ ಕೇಶಿರಾಜನ ವ್ಯಾಕರಣ 'ಶಬ್ದಮಣಿದರ್ಪಣ'ವನ್ನೂ ಪ್ರಕಟಿಸಿದರು. ಬಸದಿಗಳ ಊರು ಮೂಡುಬಿದಿರೆಯವರಿಗೆ ಇದರ ಬೆಲೆ ಗೊತ್ತುಂಟು. 1877ರಲ್ಲಿ ಜರ್ಮನಿಗೆ ಹೋದವರು 1883ರಲ್ಲಿ ಈ ಕೆಲಸಕ್ಕಾಗಿ ಮತ್ತೆ ಬಂದರು. 1894ರಲ್ಲಿ, ಇಪ್ಪತ್ತೆರಡು ವರ್ಷದ ನಂತರ, ಸುಮಾರು 70,000 ಪದಗಳ ನಿಘಂಟು ಮಂಗಳೂರಲ್ಲಿ ಅಚ್ಚಾಯಿತು. 1903ರಲ್ಲಿ ಅವರು ತೀರಿಕೊಂಡರು.

ಒಂದು ಸಂಗತಿ ಗಮನಿಸಿ. ಅವರನ್ನು ದೂರ ಇಟ್ಟವರ ಹೆಸರು ಇವತ್ತು ಬಿ.ಸಿ.ರೋಡಿನಲ್ಲಿ ಯಾರಿಗೆ ಗೊತ್ತು? ಕಿಟೆಲ್ ಹೆಸರು ಶಾಲೆಯ ಮಗುವಿಗೂ ಗೊತ್ತು. ಅವರ ನಿಘಂಟಿನಲ್ಲಿ ಚಾಡಿ ಅನ್ನುವ ಪದವೂ ಉಂಟು, ಹರಕೆ ಅನ್ನುವ ಪದವೂ ಉಂಟು. ಎರಡೂ ನಮ್ಮ ಭಾಷೆಯೇ. ಯಾವುದನ್ನು ಬಾಯಿಗೆ ತರಬೇಕು ಅನ್ನೋದು ನಮ್ಮ ಕೈಯಲ್ಲಿದೆ. ಒಂದೇ ಊಟೆಯಿಂದ ಸಿಹಿನೀರೂ ಕಹಿನೀರೂ ಬರಲ್ಲ ಅಂತ ಯಾಕೋಬನು ಕಲಿಸಿದ್ದು ಇದನ್ನೇ.

ಹಾಗಾದರೆ ತಪ್ಪು ಕಂಡರೂ ಸುಮ್ಮನಿರಬೇಕಾ? ಇಲ್ಲ. ಅನ್ಯಾಯವನ್ನು ಮುಚ್ಚಿಡಿ ಅಂತ ನಾನು ಹೇಳ್ತಿಲ್ಲ. ಯಾರಿಗಾದರೂ ಹಿಂಸೆ ಆಗ್ತಿದ್ದರೆ ಬಾಯಿ ಬಿಡಲೇಬೇಕು, ಅದು ಚಾಡಿ ಅಲ್ಲ. ಉಳಿದ ವಿಷಯಕ್ಕೆ ಮತ್ತಾಯ 18ರ ದಾರಿ ಉಂಟು. ಮೊದಲು ಅವನ ಹತ್ತಿರವೇ, ಒಬ್ಬನೇ ಹೋಗು. ವಾಟ್ಸಾಪ್ ಗ್ರೂಪಿನಲ್ಲಿ ಪ್ರಾರ್ಥನಾ ವಿಷಯ ಅಂತ ಹೆಸರಿಟ್ಟು ಇನ್ನೊಬ್ಬರ ಮನೆ ವಿಚಾರ ಹಾಕಬೇಡಿ. ಈ ವಾರ ಯಾರ ಬಗ್ಗೆ ಮಾತಾಡಿದ್ದೀರೋ ಅವರಿಗೇ ಫೋನ್ ಮಾಡಿ.

ಕರ್ತನೇ, ನಮ್ಮ ತುಟಿಗಳಿಗೆ ಕಾವಲಿಡು, ನಿಂತ ಪಾಳೆಯವನ್ನು ಮುಂದೆ ನಡೆಸು. ಆಮೆನ್.