ವಿಶ್ವೇಶ್ವರಯ್ಯನವರ ಕಾರು ಕಾರ್ಖಾನೆ: ಯಾವ ಕಂಪನಿ ಗಟ್ಟಿ ಎಂಬ ವಾದದ ಹಿಂದಿನ ಕಥೆ

ಕಾರು ಕೊಳ್ಳುವ ಮಾತು ಬಂದರೆ ನಮ್ಮ ತೆಕ್ಕಲಕೋಟೆ, ಸಿರುಗುಪ್ಪ ಕಡೆ ಎರಡು ಪಕ್ಷ ಆಗಿಯೇ ತೀರುತ್ತವೆ. ಒಂದು ಪಕ್ಷಕ್ಕೆ ಮೈಲೇಜು ಕೊಡುವ, ಯಾವ ಊರಲ್ಲಿ ಕೆಟ್ಟು ನಿಂತರೂ ಮೆಕ್ಯಾನಿಕ್ ಸಿಗುವ ಕಂಪನಿಯೇ ಕಂಪನಿ. ಇನ್ನೊಂದು ಪಕ್ಷ ಬಾಗಿಲು ಬಡಿದು ಸದ್ದು ಕೇಳಿಸುತ್ತದೆ. ತಗಡು ದಪ್ಪ ಇದ್ದರೆ ಜೀವ ಉಳಿಯುತ್ತದೆ ಎನ್ನುತ್ತದೆ. ಇವುಗಳ ನಡುವೆ ಯಾವುದಾದರೂ ಕಂಪನಿ ದೋಷ ಕಂಡುಬಂದಿದೆ ಎಂದು ಕಾರುಗಳನ್ನು ವಾಪಸ್ ಕರೆಸಿತೋ, ಎದುರು ಪಕ್ಷಕ್ಕೆ ಹಬ್ಬ. ಈ ನಂಬಿಕೆಗಳಲ್ಲಿ ಎಷ್ಟು ಹುರುಳಿದೆ ಎಂದು ನೋಡಲು ನಾವು ಶೋರೂಮಿಗೆ ಹೋಗುತ್ತಿಲ್ಲ. ಎಪ್ಪತ್ತು ದಾಟಿದ ಮೇಲೆ ಕಾರು ಕಾರ್ಖಾನೆ ಕಟ್ಟಲು ಹೊರಟ ಒಬ್ಬ ಎಂಜಿನಿಯರ್ ಬದುಕನ್ನು ನೋಡುತ್ತಿದ್ದೇವೆ. ಅವರು ಸರ್ ಎಂ. ವಿಶ್ವೇಶ್ವರಯ್ಯ.

ಅವರ ಬಗ್ಗೆ ವಾಟ್ಸಾಪ್‌ನಲ್ಲಿ ತಿರುಗುವ ಕಥೆಗಳು ಸಾಕಷ್ಟಿವೆ. ಅವನ್ನೆಲ್ಲ ಪಕ್ಕಕ್ಕಿಟ್ಟು ದಾಖಲಾದ ಕೆಲಸಗಳನ್ನಷ್ಟೇ ನೋಡೋಣ. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಮಕ್ಕಳಿಗೆ ಪಾಠ ಹೇಳಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಪುಣೆಯ ಖಡಕ್ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅವರು ಹಾಕಿಸಿದ ಸ್ವಯಂಚಾಲಿತ ಗೇಟುಗಳೇ ಅವರ ಮೊದಲ ದೊಡ್ಡ ಹೆಸರು. ನೀರು ಒಂದು ಮಟ್ಟ ಮೀರಿದರೆ ಗೇಟು ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ಕಾವಲುಗಾರ ನಿದ್ದೆ ಹೋದರೂ ಅಣೆಕಟ್ಟು ಉಳಿಯಬೇಕು ಎಂಬ ಲೆಕ್ಕಾಚಾರ ಅದು. ಇವತ್ತಿನ ಕಾರಿನಲ್ಲಿ ಏರ್‌ಬ್ಯಾಗ್ ಇರುವುದೂ ಇದೇ ಲೆಕ್ಕದ ಮೇಲೆ: ಮನುಷ್ಯ ತಪ್ಪುತ್ತಾನೆ ಎಂದು ಮೊದಲೇ ಒಪ್ಪಿಕೊಂಡು ಯಂತ್ರ ಕಟ್ಟುವುದು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದು ಮುಳುಗಿತು. ಸಾವಿರಾರು ಜನ ಸತ್ತರು. ಮುಂದೆ ಹೀಗಾಗದಂತೆ ಮಾಡಲು ನಿಜಾಮರ ಸರ್ಕಾರ ಅವರನ್ನು ಕರೆಸಿತು. ಊರೊಳಗೆ ದಂಡೆ ಎತ್ತರಿಸಿ ಕೈತೊಳೆದುಕೊಳ್ಳಬಹುದಿತ್ತು. ಅವರು ನದಿಯ ಮೇಲ್ಭಾಗದ ಲೆಕ್ಕ ತೆಗೆದರು. ಅಲ್ಲಿ 200ಕ್ಕೂ ಹೆಚ್ಚು ಕೆರೆಗಳು ಒಂದರ ಹಿಂದೆ ಒಂದು ಒಡೆದಿದ್ದವು. ಹಾಗಾಗಿ ಊರಿಗೆ ಬರುವ ಮೊದಲೇ ನೀರು ತಡೆಯುವ ಎರಡು ಜಲಾಶಯ ಬೇಕು ಎಂದು ವರದಿ ಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹುಟ್ಟಿದ್ದು ಹಾಗೆ.

ರೀಕಾಲ್ ಎಂದರೇನು ಎಂದು ಯಾರಾದರೂ ಕೇಳಿದರೆ ನಾವು ಮೂಸಿಯ ಉದಾಹರಣೆ ಕೊಡುತ್ತೇವೆ. ಒಂದು ಕಾರಿನ ಬ್ರೇಕು ಕೆಟ್ಟರೆ ಅದು ರಿಪೇರಿ. ಒಂದೇ ಬ್ಯಾಚಿನ ಸಾವಿರಾರು ಕಾರುಗಳಲ್ಲಿ ಒಂದೇ ದೋಷ ಇದ್ದರೆ, ಅದರ ಮೂಲ ಗ್ಯಾರೇಜಿನಲ್ಲಿಲ್ಲ, ಮೇಲ್ಭಾಗದಲ್ಲಿದೆ. ಕಾರ್ಖಾನೆಯಲ್ಲೋ, ಅದಕ್ಕೂ ಮೇಲೆ ಬಿಡಿಭಾಗ ಪೂರೈಸುವವರಲ್ಲೋ. ಜಪಾನಿನ ತಕಾಟಾ ಕಂಪನಿಯ ಏರ್‌ಬ್ಯಾಗ್ ಪ್ರಕರಣ ನೋಡಿ. ಅದರಲ್ಲಿ ಬಳಸಿದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಬಿಸಿಲು, ತೇವಕ್ಕೆ ಸಿಕ್ಕಿ ಹದಗೆಡುತ್ತಿತ್ತು. ಡಿಕ್ಕಿಯಾದಾಗ ಲೋಹದ ಡಬ್ಬಿಯೇ ಸಿಡಿದು ಚೂರುಗಳು ಚಾಲಕನಿಗೆ ನಾಟುತ್ತಿದ್ದವು. ಹೋಂಡಾ, ಟೊಯೋಟಾ, ಫೋರ್ಡ್, ಬಿಎಂಡಬ್ಲ್ಯು ಎಲ್ಲವೂ ಅದೇ ಬಿಡಿಭಾಗ ಹಾಕಿದ್ದವು. ಪರಸ್ಪರ ಜಗಳವಾಡುವ ಅಭಿಮಾನಿಗಳ ಕಾರುಗಳಲ್ಲಿ ಕೂತಿದ್ದ ಅಪಾಯ ಒಂದೇ. ವಾಪಸ್ ಕರೆಸಿದ ಕಂಪನಿ ಕಳಪೆ, ಕರೆಸದ ಕಂಪನಿ ಉತ್ತಮ ಎಂಬ ತೀರ್ಮಾನ ಇಲ್ಲಿ ನಿಲ್ಲುವುದಿಲ್ಲ. ಕರೆಸದೇ ಸುಮ್ಮನಿರುವ ಕಂಪನಿಯಿಂದ ಅಪಾಯ ಹೆಚ್ಚು.

1909ರಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದ ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾದರು. ಕನ್ನಂಬಾಡಿ, ಮೈಸೂರು ಬ್ಯಾಂಕ್, ವಿಶ್ವವಿದ್ಯಾಲಯ ಎಲ್ಲರಿಗೂ ಗೊತ್ತಿರುವ ವಿಷಯ, ಮತ್ತೆ ಹೇಳುವುದಿಲ್ಲ. ಹಿಂದುಳಿದ ವರ್ಗಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಮಹಾರಾಜರ ನಿಲುವನ್ನು ಅವರು ಒಪ್ಪಲಿಲ್ಲ. 1918ರಲ್ಲಿ ದಿವಾನಗಿರಿ ಬಿಟ್ಟರು. ನೀರನ್ನು ಅಷ್ಟು ಚೆನ್ನಾಗಿ ಮೇಲ್ಭಾಗದಿಂದ ಅಳೆದವರು, ಮನುಷ್ಯರ ಅರ್ಹತೆಯನ್ನು ಮಾತ್ರ ಅಂತಹದೇ ಮೇಲ್ಭಾಗದ ಲೆಕ್ಕವಿಲ್ಲದೆ ಅಳೆದರು ಎಂದು ನಮಗೆ ಅನ್ನಿಸುತ್ತದೆ. ಆಮೇಲೆ ನಷ್ಟದಲ್ಲಿದ್ದ ಭದ್ರಾವತಿ ಕಬ್ಬಿಣ ಕಾರ್ಖಾನೆಯ ಹೊಣೆ ಹೊತ್ತು ಅದನ್ನು ದಡಕ್ಕೆ ತಂದರು. ಕಬ್ಬಿಣ ಇದೆ, ವಿದ್ಯುತ್ ಇದೆ. ಇನ್ನು ಯಂತ್ರ ಯಾಕೆ ಆಗಬಾರದು?

ಆಗ ಭಾರತದಲ್ಲಿ ಕಾರು ತಯಾರಾಗುತ್ತಿರಲಿಲ್ಲ, ಜೋಡಣೆಯಾಗುತ್ತಿತ್ತು. ಜನರಲ್ ಮೋಟಾರ್ಸ್ 1928ರಲ್ಲಿ ಬೊಂಬಾಯಿಯಲ್ಲಿ ಘಟಕ ತೆರೆದಿತ್ತು, ಫೋರ್ಡ್ ಕೂಡ ಇತ್ತು. ಹಡಗಿನಲ್ಲಿ ಪೆಟ್ಟಿಗೆಗಳು ಬರುತ್ತಿದ್ದವು, ಇಲ್ಲಿ ಬೋಲ್ಟು ಬಿಗಿಯುತ್ತಿದ್ದರು. ಎಂಜಿನ್ನಿನ ಎರಕದಲ್ಲಿ ಬಿರುಕಿದ್ದರೆ ಅದಕ್ಕೆ ಉತ್ತರಿಸುವವರು ಸಮುದ್ರದಾಚೆ. ಇಲ್ಲೇ ತಯಾರಾದರೆ ಕೌಶಲ ಬರುತ್ತದೆ, ಕೆಲಸ ಬರುತ್ತದೆ ಎಂದು ವಾದಿಸಿದ ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಕಾರು ಉದ್ಯಮ ಅಧ್ಯಯನ ಮಾಡಿಬಂದರು. ಕಾರ್ಖಾನೆಗೆ ಪೂರ್ತಿ ಯೋಜನೆ ಬರೆದರು. ಹಣ ಹಾಕಲು ಜೊತೆಯಾದವರು ಸೊಲ್ಲಾಪುರ ಮೂಲದ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಬೊಂಬಾಯಿಯ ಬಿ.ಜಿ. ಖೇರ್ ಮಂತ್ರಿಮಂಡಲ ನೆರವಿಗೆ ಒಪ್ಪಿತು. ಆದರೆ 1939ರಲ್ಲಿ ಯುದ್ಧದ ವಿಷಯಕ್ಕೆ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟವು. ವಾಲ್‌ಚಂದರು ಅಮೆರಿಕದ ಕ್ರೈಸ್ಲರ್ ಜೊತೆ ಒಪ್ಪಂದ ಮಾಡಿಕೊಂಡರು. ಮೈಸೂರು ಸಂಸ್ಥಾನ ಕೈಜೋಡಿಸಲು ಮುಂದಾದರೆ ಬ್ರಿಟಿಷ್ ಭಾರತ ಸರ್ಕಾರ ಅಡ್ಡ ನಿಂತಿತು. ಯುದ್ಧಕಾಲದಲ್ಲಿ ಇದು ಬೇಡ ಎಂಬುದು ಅದರ ಸಬೂಬು. ಅದೇ ಯುದ್ಧಕ್ಕಾಗಿ ಅದೇ ವಾಲ್‌ಚಂದರ ಹಿಂದೂಸ್ತಾನ್ ಏರ್‌ಕ್ರಾಫ್ಟ್ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ವಿಮಾನಕ್ಕೆ ದಾರಿ ಸಿಕ್ಕಿತು, ಕಾರಿಗೆ ಸಿಗಲಿಲ್ಲ.

ಕೊನೆಗೆ 1944ರಲ್ಲಿ ಬೊಂಬಾಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿತು. ಕುರ್ಲಾದ ಕಾರ್ಖಾನೆಯಿಂದ ವಾಹನಗಳು ಹೊರಬಂದದ್ದು 1947ರಲ್ಲಿ. ಹತ್ತು ವರ್ಷಕ್ಕೂ ಮೇಲೆ ಓಡಾಡಿದ ವಿಶ್ವೇಶ್ವರಯ್ಯನವರ ಕಾರ್ಖಾನೆ ಅವರ ಮೈಸೂರಿಗೆ ಬರಲೇ ಇಲ್ಲ.

ಬ್ರ್ಯಾಂಡ್ ಅಭಿಮಾನದ ಮಟ್ಟಿಗೆ ನಮಗೆ ಬಹಳ ರುಚಿಸಿದ ಸಂಗತಿ ಈ ಕುರ್ಲಾ ಕಾರ್ಖಾನೆಯದು. ಅಲ್ಲಿ 1950ರ ದಶಕದಲ್ಲಿ ಡಾಡ್ಜ್ ಕಿಂಗ್ಸ್‌ವೇ, ಪ್ಲಿಮತ್ ಸವಾಯ್, ಡಿಸೋಟೊ ಡಿಪ್ಲೊಮ್ಯಾಟ್ ಎಂಬ ಮೂರು ಕಾರುಗಳು ತಯಾರಾದವು. ಮೂರೂ ಹೆಚ್ಚುಕಡಿಮೆ ಒಂದೇ ಕಾರು; ಬಿಲ್ಲೆ, ಮುಂಭಾಗದ ಅಲಂಕಾರ ಮಾತ್ರ ಬೇರೆ. ಲಾರಿಗಳದ್ದೂ ಅದೇ ಕಥೆ. ಹಳಬರು ಇವತ್ತಿಗೂ ನೆನೆಸುವ ಫಾರ್ಗೋ, ಡಾಡ್ಜ್, ಡಿಸೋಟೊ ಒಂದೇ ತಾಯಿಯ ಮಕ್ಕಳು. ಫಾರ್ಗೋ ಮುಂದೆ ಡಿಸೋಟೊ ಏನೂ ಅಲ್ಲ ಎಂದು ಎಷ್ಟು ಚಾಲಕರು ವಾದ ಮಾಡಿರಬಹುದೋ!

1953ರ ನಂತರ ಬರೀ ಜೋಡಣೆ ಮಾಡುವ ಕಂಪನಿಗಳಿಗೆ ಸರ್ಕಾರ ಜಾಗ ಕೊಡಲಿಲ್ಲ. ಫೋರ್ಡ್, ಜನರಲ್ ಮೋಟಾರ್ಸ್ ಹೊರಟುಹೋದವು. ಇದು ವಿಶ್ವೇಶ್ವರಯ್ಯನವರು ಬಯಸಿದ ದಿಕ್ಕೇ. ಆದರೆ ಸ್ಪರ್ಧೆ ಇಲ್ಲದ ಕಾರಣ ಅದರ ಫಲ ಬೇರೆಯಾಯಿತು. ದಶಕಗಳ ಕಾಲ ಕೊಳ್ಳುವವರಿಗೆ ಇದ್ದದ್ದು ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಅಷ್ಟೇ, ಅದೂ ವರ್ಷಗಟ್ಟಲೆ ಕಾದು. 1957ರಲ್ಲಿ ಬಂದ ಅಂಬಾಸಿಡರ್ 2014ರವರೆಗೆ ಸ್ವಲ್ಪವೇ ಬದಲಾಗಿ ಉಳಿಯಿತು. ಪ್ರೀಮಿಯರ್ ಕಂಪನಿ 1970ರ ದಶಕದಲ್ಲಿ ಕಾರಿಗೆ ಪದ್ಮಿನಿ ಎಂದು ಹೆಸರಿಟ್ಟರೂ ಜನ ಫಿಯಟ್ ಎಂದೇ ಕರೆದರು. ಬೇರೆ ದಾರಿಯಿಲ್ಲದೆ ಹುಟ್ಟಿದ ರೂಢಿಗೆ ನಾವು ನಿಷ್ಠೆ ಎಂದು ಹೆಸರಿಟ್ಟೆವು.

ದಪ್ಪ ತಗಡಿನ ನಂಬಿಕೆ ಬೇರು ಬಿಟ್ಟಿದ್ದೂ ಆ ಕಾಲದಲ್ಲೇ. ಡಿಕ್ಕಿಯಲ್ಲಿ ಕಾರಿನ ಮೂತಿ ನಜ್ಜುಗುಜ್ಜಾಗಬೇಕು. ಹಾಗೆ ಮಡಚಿಕೊಳ್ಳುತ್ತಾ ಅದು ಡಿಕ್ಕಿಯ ಶಕ್ತಿಯನ್ನು ನುಂಗುತ್ತದೆ. ಜನ ಕೂರುವ ಭಾಗ ಮಾತ್ರ ಬಾಗಬಾರದು. 2009ರಲ್ಲಿ ಅಮೆರಿಕದ ವಿಮಾ ಕಂಪನಿಗಳ ಸುರಕ್ಷತಾ ಸಂಸ್ಥೆ 1959ರ ಶೆವರ್ಲೆ ಬೆಲ್ ಏರ್ ಮತ್ತು 2009ರ ಶೆವರ್ಲೆ ಮಾಲಿಬು ಕಾರುಗಳನ್ನು ಮುಖಾಮುಖಿ ಗುದ್ದಿಸಿತು. ಅಜ್ಜನ ಕಾಲದ ಗಟ್ಟಿ ಕಾರಿನಲ್ಲಿ ಚಾಲಕನ ಜಾಗವೇ ಕುಸಿಯಿತು, ಹೊಸದರಲ್ಲಿ ಉಳಿಯಿತು. ಎರಡೂ ಒಂದೇ ಕಂಪನಿಯವು ಎಂಬುದನ್ನು ಗಮನಿಸಿ. 2023ರ ಅಕ್ಟೋಬರಿನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಸ್ಟಾರು ಕೊಡುವುದೂ ಮಾದರಿಗೆ, ಕಂಪನಿಯ ಹೆಸರಿಗಲ್ಲ.

ವಿಶ್ವೇಶ್ವರಯ್ಯನವರು 1955ರಲ್ಲಿ ಭಾರತ ರತ್ನ ಪಡೆದು, ನೂರು ವರ್ಷ ದಾಟಿ, 1962ರ ಏಪ್ರಿಲಿನಲ್ಲಿ ತೀರಿಕೊಂಡರು. ದೋಷವಿರುವ ವಾಹನವನ್ನು ವಾಪಸ್ ಕರೆಸುವಂತೆ ಕಂಪನಿಗೆ ಆದೇಶಿಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯಲ್ಲಿ ಸೇರಿದ್ದು 2019ರ ತಿದ್ದುಪಡಿಯಿಂದ. ಅದರ ನಿಯಮಗಳು ಜಾರಿಗೆ ಬಂದದ್ದು 2021ರ ಏಪ್ರಿಲ್ 1ರಿಂದ. ಏಳು ವರ್ಷದೊಳಗಿನ ವಾಹನಗಳಿಗೆ ಇದು ಅನ್ವಯ. ಆದೇಶ ಪಾಲಿಸದಿದ್ದರೆ ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿ. ಕಂಪನಿಗಳು ಆದೇಶಕ್ಕೆ ಕಾಯದೆ ತಾವಾಗಿ ಕರೆಸುವುದೂ ಇದೆ.

ಒಂದು ತೊಡಕು ಮಾತ್ರ ನಮ್ಮ ಕಡೆಯವರು ತಿಳಿದಿರಲೇಬೇಕು. ಬಳ್ಳಾರಿಯಲ್ಲೋ ಬೆಂಗಳೂರಿನಲ್ಲೋ ಸೆಕೆಂಡ್ ಹ್ಯಾಂಡ್ ಕಾರು ಕೊಂಡರೆ, ರೀಕಾಲ್ ಪತ್ರ, ಮೆಸೇಜು ಮೊದಲ ಮಾಲೀಕರ ವಿಳಾಸಕ್ಕೆ, ಅವರ ಮೊಬೈಲಿಗೆ ಹೋಗುವ ಸಾಧ್ಯತೆಯೇ ಹೆಚ್ಚು. ನಿಮ್ಮ ಆರ್‌ಸಿಯಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರನ್ನು ಕಂಪನಿಯ ವೆಬ್‌ಸೈಟಿನ ರೀಕಾಲ್ ಪುಟದಲ್ಲಿ ಹಾಕಿ ನೋಡಿ, ಇಲ್ಲವೇ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಕೇಳಿ. ರೀಕಾಲ್ ಬಾಕಿ ಇದ್ದರೆ ಆ ಭಾಗವನ್ನು ಉಚಿತವಾಗಿ ಬದಲಿಸಿಕೊಡುತ್ತಾರೆ. ಕಾರು ಎಷ್ಟನೇ ಕೈ ಬದಲಾಗಿದೆ ಎಂಬುದು ಅದಕ್ಕೆ ಅಡ್ಡಿಯಲ್ಲ.