ಲಕ್ಷ್ಮಣರಾವ್ ಕಿರ್ಲೋಸ್ಕರ್ (1869–1956)

ಖ್ಯಾತ ಕೈಗಾರಿಕೋದ್ಯಮಿ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ ಅವರು 1869ರ ಜೂನ್ 20ರಂದು ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಮುಂದೆ ಕಬ್ಬಿಣದ ನೇಗಿಲುಗಳ ತಯಾರಿಕೆ ಕೈಗೊಂಡರು. ನಗರಸಭೆಯು ಸ್ಥಳ ತೆರವುಗೊಳಿಸಲು ಸೂಚಿಸಿದಾಗ ಔಂಧ್ ಸಂಸ್ಥಾನದ ಅರಸರು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ ಬಂಜರು ಭೂಮಿ ನೀಡಿದರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು.

ಸೆರೆಮನೆಯಿಂದ ಬಿಡುಗಡೆ ಹೊಂದಿದವರನ್ನು ಶ್ರೀಯುತರು ಇಲ್ಲಿ ರಾತ್ರಿ ಕಾವಲುಗಾರರನ್ನಾಗಿ ನೇಮಿಸಿಕೊಂಡರು. ಅಪರಾಧಿ ಬುಡಕಟ್ಟುಗಳ ಕಾಯಿದೆಯು ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಶಂಕಿಸುತ್ತಿದ್ದ ಆ ಕಾಲದಲ್ಲಿ, ಶಿಕ್ಷೆ ಮುಗಿಸಿ ಬಂದವರ ವಶಕ್ಕೆ ಊರಿನ ಕಾವಲನ್ನು ಒಪ್ಪಿಸಿದ್ದು ಸಾಮಾನ್ಯ ಧೈರ್ಯವೇನಲ್ಲ. ಮುಂದೆ 1939ರಲ್ಲಿ ಇದೇ ಔಂಧ್ ಸಂಸ್ಥಾನವು ಆಟಪಾಡಿಯ ಬಳಿ ಸ್ವತಂತ್ರಪುರವೆಂಬ ಬಯಲು ಬಂದೀಖಾನೆಯನ್ನು ಸ್ಥಾಪಿಸಿತು. ಶ್ರೀಯುತರು 1956ರ ಸೆಪ್ಟೆಂಬರ್ 26ರಂದು ನಿಧನರಾದರು.